ರೋಯಿಂಗ್ ದತ್ತಿನಿಧಿ

ರೋಯಿಂಗ್ ದತ್ತಿನಿಧಿ ಎಂದರೆ, ಹುಟ್ಟು ಹಾಕಿ ದೋಣಿ ನಡೆಸುವ ಕ್ರೀಡೆಯಿಂದ ಬಡತನ, ಅಂಗವೈಕಲ್ಯ, ಲಿಂಗ, ಕಸುಬು ಅಥವಾ ಊರಿನ ದೂರದ ಕಾರಣಕ್ಕೆ ಹೊರಗುಳಿದವರನ್ನು ಆ ಕ್ರೀಡೆಗೆ ತರಲು ವ್ಯಕ್ತಿಗಳು, ಟ್ರಸ್ಟುಗಳು, ಕ್ರೀಡಾಸಂಸ್ಥೆಗಳು ಹಾಗೂ ಕಂಪನಿಗಳು ಲಾಭದ ಉದ್ದೇಶವಿಲ್ಲದೆ ಒದಗಿಸುವ ಹಣ, ಸಲಕರಣೆ ಮತ್ತು ಸೇವೆ. ದೋಣಿ ಖರೀದಿ, ಜೆಟ್ಟಿ ಮತ್ತು ಇಳಿದಾರಿಯ ನಿರ್ಮಾಣ, ತರಬೇತುದಾರರ ಸಂಬಳ, ಕಲಿಯುವವರ ಪ್ರಯಾಣ, ವಿಮೆ ಹಾಗೂ ಜೀವರಕ್ಷಕ ಜಾಕೆಟ್‌ಗಳ ವೆಚ್ಚ ಇದರ ವ್ಯಾಪ್ತಿಗೆ ಬರುತ್ತವೆ. ಬ್ರಿಟನ್ ಮತ್ತು ಅಮೆರಿಕದಲ್ಲಿ ಇಂಥ ನಿಧಿಗಳು 1980ರ ದಶಕದಿಂದ ಕೆಲಸ ಮಾಡುತ್ತಿವೆ. ಭಾರತದಲ್ಲಿ ಇದಕ್ಕೆ ಮುಖ್ಯ ಕಾನೂನು ನೆಲೆ ಒದಗಿಸಿದ್ದು 2013ರ ಕಂಪನಿ ಕಾಯ್ದೆ. ಈ ನೆರವಿನ ಸ್ವರೂಪವನ್ನೂ, ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ ಅದಕ್ಕಿರುವ ನೆಲೆಯನ್ನೂ ಈ ಲೇಖನ ವಿವರಿಸುತ್ತದೆ.

ಪರಿಭಾಷೆ

ರೋಯಿಂಗ್‌ನಲ್ಲಿ ದೋಣಿಗ ದೋಣಿಯ ಹಿಂಭಾಗಕ್ಕೆ ಮುಖಮಾಡಿ ಕೂರುತ್ತಾನೆ. ಹುಟ್ಟು ದೋಣಿಯ ಅಂಚಿನಲ್ಲಿರುವ ಕೀಲಿಗೆ ಸಿಕ್ಕಿಕೊಂಡು ತಿರುಗುತ್ತದೆ. ಒಬ್ಬರು ಎರಡು ಹುಟ್ಟು ಹಿಡಿದರೆ ಸ್ಕಲ್ಲಿಂಗ್, ಒಂದೇ ಹುಟ್ಟು ಹಿಡಿದರೆ ಸ್ವೀಪ್. ಕಯಾಕ್ ಮತ್ತು ಕೆನೋಗಳಲ್ಲಿ ಕುಳಿತವರು ಮುಂದಕ್ಕೆ ನೋಡುತ್ತಾರೆ, ಕೈಯಲ್ಲಿರುವ ಪ್ಯಾಡಲ್ ದೋಣಿಗೆ ಸಿಕ್ಕಿಸಿರುವುದಿಲ್ಲ. ಅವು ಬೇರೆ ಕ್ರೀಡೆಗಳಾಗಿದ್ದು, ಅವುಗಳ ಆಡಳಿತವೂ ಬೇರೆ.

ಪ್ಯಾರಾ ರೋಯಿಂಗ್ ಅಂಗವೈಕಲ್ಯವುಳ್ಳ ಕ್ರೀಡಾಪಟುಗಳ ಸ್ಪರ್ಧಾತ್ಮಕ ರೋಯಿಂಗ್. ಸಮುದ್ರದ ಅಲೆಗಳಲ್ಲಿ, ಅಗಲವಾದ ದೋಣಿಗಳಲ್ಲಿ ನಡೆಯುವುದು ಕರಾವಳಿ ರೋಯಿಂಗ್. ಎರ್ಗೋಮೀಟರ್ ಯಂತ್ರದ ಮೇಲೆ ನೆಲದಲ್ಲೇ ನಡೆಯುವುದು ಒಳಾಂಗಣ ರೋಯಿಂಗ್. ದತ್ತಿನಿಧಿಗಳು ಈ ಮೂರಕ್ಕೂ ನೆರವು ನೀಡುತ್ತವೆ.

ಉಗಮ

ಸಂಘಟಿತ ರೋಯಿಂಗ್ 19ನೇ ಶತಮಾನದ ಇಂಗ್ಲೆಂಡಿನಲ್ಲಿ ಶಾಲೆ, ವಿಶ್ವವಿದ್ಯಾಲಯ ಮತ್ತು ಶ್ರೀಮಂತ ಕ್ಲಬ್ಬುಗಳ ಕ್ರೀಡೆಯಾಗಿ ಬೆಳೆಯಿತು. 1882ರಲ್ಲಿ ರೂಪುಗೊಂಡ ಅಮೆಚೂರ್ ರೋಯಿಂಗ್ ಅಸೋಸಿಯೇಷನ್ ತನ್ನ ನಿಯಮಗಳಲ್ಲಿ ದೋಣಿ ಕಸುಬಿನವರನ್ನೂ, ಮೈಮುರಿದು ದುಡಿಯುವ ಕೂಲಿಕಾರರು ಮತ್ತು ಕುಶಲಕರ್ಮಿಗಳನ್ನೂ ಹವ್ಯಾಸಿಗಳ ಪಟ್ಟಿಯಿಂದ ಹೊರಗಿಟ್ಟಿತು. ದಿನವಿಡೀ ಹುಟ್ಟು ಹಾಕಿ ಬದುಕುವವರೇ ಹುಟ್ಟಿನ ಸ್ಪರ್ಧೆಗೆ ಅನರ್ಹರಾದರು. ಇದನ್ನು ಒಪ್ಪದವರು 1890ರಲ್ಲಿ ನ್ಯಾಷನಲ್ ಅಮೆಚೂರ್ ರೋಯಿಂಗ್ ಅಸೋಸಿಯೇಷನ್ ಎಂಬ ಪ್ರತ್ಯೇಕ ಸಂಸ್ಥೆ ಕಟ್ಟಿ ಕಾರ್ಮಿಕರಿಗೆ ಸದಸ್ಯತ್ವ ಕೊಟ್ಟರು. ಗಾರೆ ಕೆಲಸ ಮಾಡಿದ್ದ ಅಮೆರಿಕದ ಜಾನ್ ಬಿ. ಕೆಲ್ಲಿ ಅವರ ಪ್ರವೇಶವನ್ನು ಇಂಗ್ಲೆಂಡಿನ ಹೆನ್ಲಿ ರಿಗಾಟ ದೋಣಿಸ್ಪರ್ಧೆ 1920ರಲ್ಲಿ ತಿರಸ್ಕರಿಸಿತು. ಅದೇ ವರ್ಷ ಅವರು ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಕಾರ್ಮಿಕರನ್ನು ಹೊರಗಿಡುವ ನಿಯಮ 1937ರಲ್ಲಿ ರದ್ದಾಯಿತು. ಮಹಿಳೆಯರ ರೋಯಿಂಗ್ ಒಲಿಂಪಿಕ್ಸ್‌ಗೆ ಸೇರಿದ್ದು 1976ರ ಮಾಂಟ್ರಿಯಲ್ ಕೂಟದಲ್ಲಿ.

ನಿಯಮದ ಅಡ್ಡಿ ಹೋದ ಮೇಲೂ ಖರ್ಚಿನ ಅಡ್ಡಿ ಉಳಿಯಿತು. ದತ್ತಿನಿಧಿಗಳು ಹುಟ್ಟಿದ್ದು ಈ ಎರಡನೆಯ ಅಡ್ಡಿಯನ್ನು ತೆಗೆಯಲು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1980ರಲ್ಲಿ ಅಂಗವಿಕಲರಿಗಾಗಿಯೇ ರೋಯಿಂಗ್ ಕಾರ್ಯಕ್ರಮ ಆರಂಭವಾಯಿತು. ಬ್ರಿಟನ್ನಿನಲ್ಲಿ 1981ರಲ್ಲಿ ಸ್ಥಾಪನೆಯಾದ ರೋಯಿಂಗ್ ಫೌಂಡೇಷನ್ ಎಳೆಯರಿಗೂ, ಎಲ್ಲ ವಯಸ್ಸಿನ ಅಂಗವಿಕಲರಿಗೂ ಅನುದಾನ ನೀಡುತ್ತ ಬಂದಿದೆ. ಬಾಸ್ಟನ್ನಿನ ಕಮ್ಯುನಿಟಿ ರೋಯಿಂಗ್ ಸಂಸ್ಥೆ 1985ರಲ್ಲಿ, ನಗರದ ಶಾಲಾಮಕ್ಕಳಿಗೆ ರೋಯಿಂಗ್ ಜೊತೆಗೆ ಓದಿನ ನೆರವನ್ನೂ ಕೊಡುವ ರೋ ನ್ಯೂಯಾರ್ಕ್ 2002ರಲ್ಲಿ ಹುಟ್ಟಿದವು. ಬ್ರಿಟಿಷ್ ರೋಯಿಂಗ್ ಸಂಸ್ಥೆಯ ದತ್ತಿ ಅಂಗವಾದ ಲವ್ ರೋಯಿಂಗ್ ಈ ಸಾಲಿನಲ್ಲಿ ಇತ್ತೀಚಿನದು.

ಪ್ಯಾರಾ ರೋಯಿಂಗ್‌ನ ಮೊದಲ ವಿಶ್ವ ಚಾಂಪಿಯನ್‌ಷಿಪ್ ಸ್ಪರ್ಧೆಗಳು 2002ರಲ್ಲಿ ಸ್ಪೇನಿನ ಸೆವಿಲ್‌ನಲ್ಲಿ ನಡೆದವು. 2008ರ ಬೀಜಿಂಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈ ಕ್ರೀಡೆಗೆ ಸ್ಥಾನ ದೊರೆಯಿತು. 1,000 ಮೀಟರ್ ಇದ್ದ ಸ್ಪರ್ಧೆಯ ದೂರವನ್ನು 2017ರಿಂದ ಉಳಿದ ರೋಯಿಂಗ್‌ಗೆ ಸಮನಾಗಿ 2,000 ಮೀಟರ್‌ಗೆ ಏರಿಸಲಾಯಿತು.

ಭಾರತದಲ್ಲಿ ರೋಯಿಂಗ್

ಭಾರತದಲ್ಲೂ ರೋಯಿಂಗ್ ಕ್ಲಬ್ಬುಗಳ ಮೂಲಕವೇ ಬಂದಿತು. ಕಲ್ಕತ್ತಾ ರೋಯಿಂಗ್ ಕ್ಲಬ್ 1858ರಲ್ಲಿ, ಮದ್ರಾಸ್ ಬೋಟ್ ಕ್ಲಬ್ 1867ರಲ್ಲಿ ಸ್ಥಾಪನೆಯಾದವು. ರೋಯಿಂಗ್ ಫೆಡರೇಷನ್ ಆಫ್ ಇಂಡಿಯಾ 1976ರಲ್ಲಿ ರಚನೆಯಾಯಿತು. ಹಳ್ಳಿಯ ಯುವಕರಿಗೆ ಈ ಕ್ರೀಡೆಯ ಬಾಗಿಲು ತೆರೆದದ್ದು ಹೆಚ್ಚಾಗಿ ಸೇನೆ. ಪುಣೆಯ ಆರ್ಮಿ ರೋಯಿಂಗ್ ನೋಡ್ ಮತ್ತು ಬೆಂಗಳೂರಿನ ಹಲಸೂರು ಕೆರೆಯಲ್ಲಿ ಅಭ್ಯಾಸ ಮಾಡುವ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದಕ್ಕೆ ಉದಾಹರಣೆಗಳು. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ರೋಯಿಂಗ್‌ನ ಮೊದಲ ಚಿನ್ನವನ್ನು ಭಾರತಕ್ಕೆ ತಂದ ಬಜರಂಗ್ ಲಾಲ್ ಠಾಕರ್ ಸೇನೆಯವರು.

ಪ್ಯಾರಾ ರೋಯಿಂಗ್‌ನಲ್ಲೂ ಸೇನೆಯ ಪಾತ್ರ ದೊಡ್ಡದು. ಜಮ್ಮು ಮತ್ತು ಕಾಶ್ಮೀರದಲ್ಲಿ ನೆಲಬಾಂಬ್ ಸ್ಫೋಟದಿಂದ ಕಾಲು ಕಳೆದುಕೊಂಡ ಯೋಧ ನಾರಾಯಣ ಕೊಂಗನಪಲ್ಲೆ ಪುಣೆಯಲ್ಲಿ ಹುಟ್ಟು ಹಿಡಿದರು. ಅವರು ಮತ್ತು ಅನಿತಾ ಜೋಡಿ 2023ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದ ಪಿಆರ್3 (ಕಾಲಿನ ಬಲವನ್ನೂ ಬಳಸಬಲ್ಲವರ ವರ್ಗ) ಮಿಶ್ರ ಡಬಲ್ ಸ್ಕಲ್ಸ್‌ನಲ್ಲಿ ಬೆಳ್ಳಿ ಗೆದ್ದು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲೂ ಸ್ಪರ್ಧಿಸಿತು. ಸೇನೆಗೆ ಸೇರಲಾಗದ ಅಂಗವಿಕಲ ನಾಗರಿಕರು, ಹುಡುಗಿಯರು ಮತ್ತು ಶಾಲಾಮಕ್ಕಳಿಗೆ ಈ ದಾರಿ ಸಿಗುವುದಿಲ್ಲ. ದತ್ತಿನಿಧಿಯ ಕಾರ್ಯಕ್ಷೇತ್ರ ಇವರೇ.

ಕರ್ನಾಟಕದಲ್ಲಿ ದಾನದ ಹಣದಿಂದ ಅಂಗವಿಕಲರ ಕ್ರೀಡೆ ಬೆಳೆದ ಉದಾಹರಣೆಗಳು ಬೇರೆ ಕ್ಷೇತ್ರಗಳಲ್ಲಿವೆ. ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ ಸಮರ್ಥನಂ ಟ್ರಸ್ಟ್ ಅಂಧರ ಕ್ರಿಕೆಟ್ಟನ್ನು ಪೋಷಿಸಿದೆ. 2008ರಲ್ಲಿ ಸ್ಥಾಪನೆಯಾದ ಗೋಸ್ಪೋರ್ಟ್ಸ್ ಫೌಂಡೇಷನ್ ಪ್ಯಾರಾ ಕ್ರೀಡಾಪಟುಗಳಿಗಾಗಿ ಪ್ರತ್ಯೇಕ ಕಾರ್ಯಕ್ರಮ ನಡೆಸುತ್ತದೆ. ಪ್ರಕಾಶ್ ಪಡುಕೋಣೆ ಮತ್ತು ಗೀತ್ ಸೇಠಿ ಕಟ್ಟಿದ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಕೂಡ ದೇಣಿಗೆಯಿಂದ ನಡೆಯುವ ಸಂಸ್ಥೆ.

ಕಾನೂನು ಚೌಕಟ್ಟು

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಂದು ಜಾರಿಗೆ ಬಂದಿತು. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ರೂಪಾಯಿ ವಹಿವಾಟು ಅಥವಾ 5 ಕೋಟಿ ರೂಪಾಯಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ಕೆಲಸಗಳಿಗೆ ವೆಚ್ಚ ಮಾಡಬೇಕು. ಗ್ರಾಮೀಣ ಕ್ರೀಡೆ, ರಾಷ್ಟ್ರಮನ್ನಣೆ ಪಡೆದ ಕ್ರೀಡೆ, ಪ್ಯಾರಾಲಿಂಪಿಕ್ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿಯನ್ನು ಕಾಯ್ದೆಯ ಏಳನೇ ಅನುಸೂಚಿ ಹೆಸರಿಸಿದೆ. ಕಂಪನಿ ತಾನು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ.

ರೋಯಿಂಗ್‌ಗೆ ನೇರವಾಗಿ ಅನ್ವಯಿಸುವ ನಿಯಮಗಳು ಹೀಗಿವೆ:

• ಒಂದು ಸಲದ ಸ್ಪರ್ಧೆ, ಪ್ರಶಸ್ತಿ ಸಮಾರಂಭ ಅಥವಾ ಪ್ರಾಯೋಜಕತ್ವ ಈ ವೆಚ್ಚದ ಲೆಕ್ಕಕ್ಕೆ ಸೇರದು. ಹಣ ಯೋಜನೆಯ ರೂಪದಲ್ಲೇ ಹೋಗಬೇಕು ಎಂದು ಕೇಂದ್ರ ಸರ್ಕಾರ 2014ರ ಜೂನ್‌ನ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ.

• ಈ ಹಣದಲ್ಲಿ ಕೊಂಡ ದೋಣಿ, ಕಟ್ಟಿದ ಜೆಟ್ಟಿಯಂಥ ಆಸ್ತಿ ಕಂಪನಿಯ ಹೆಸರಿನಲ್ಲಿ ಇರುವಂತಿಲ್ಲ. ನೋಂದಾಯಿತ ಟ್ರಸ್ಟ್ ಅಥವಾ ಸಂಘ, ಫಲಾನುಭವಿಗಳ ಸ್ವಸಹಾಯ ಗುಂಪು ಅಥವಾ ಸರ್ಕಾರಿ ಪ್ರಾಧಿಕಾರದ ಒಡೆತನದಲ್ಲಿರಬೇಕು.

• ಹಣ ಪಡೆದು ಯೋಜನೆ ನಡೆಸುವ ಸಂಸ್ಥೆ 2021ರ ಏಪ್ರಿಲ್ 1ರಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್–1 ನಮೂನೆಯಡಿ ನೋಂದಣಿ ಮಾಡಿಸಿರಬೇಕು.

• ಈ ಕೆಲಸಗಳಿಗಾಗಿ ಕಂಪನಿ ಮಾಡುವ ಆಡಳಿತ ವೆಚ್ಚ ಆ ವರ್ಷದ ಒಟ್ಟು ಸಿಎಸ್‌ಆರ್ ವೆಚ್ಚದ ಶೇ 5ನ್ನು ಮೀರುವಂತಿಲ್ಲ.

ಸಾರ್ವಜನಿಕರ ಸಣ್ಣ ದೇಣಿಗೆಗಳಿಗೆ ದಾರಿ ಬೇರೆ. ಟ್ರಸ್ಟ್ ಪತ್ರದ ಮೂಲಕ ಅಥವಾ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಸ್ಥೆ ಕಟ್ಟಬಹುದು. ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗಲು ಆ ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ ಮಾನ್ಯತೆ ಬೇಕು. 1961ರ ಕಾಯ್ದೆಯ ಸೆಕ್ಷನ್ ಹಿಡಿದು ಜನ ಇದನ್ನು 80ಜಿ ಎಂದು ಕರೆಯುತ್ತಾರೆ. ವಿದೇಶದಲ್ಲಿರುವ ಸಂಸ್ಥೆಗಳ ಹಣ ಪಡೆಯಲು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಅಗತ್ಯ. ಕೇಂದ್ರ ಸರ್ಕಾರ 1998ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಕ್ರೀಡಾ ಅಭಿವೃದ್ಧಿ ನಿಧಿಗೂ ಖಾಸಗಿ ದೇಣಿಗೆ ಕೊಡಬಹುದು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅದರ 30ನೇ ಸೆಕ್ಷನ್ ಪ್ರಕಾರ, ಕ್ರೀಡೆಯಲ್ಲಿ ಅಂಗವಿಕಲರು ಪಾಲ್ಗೊಳ್ಳುವಂತೆ ಮಾಡುವುದು ಸರ್ಕಾರದ ಕರ್ತವ್ಯ. ಹಾಗಾಗಿ ದತ್ತಿಹಣ ಕಾನೂನು ಒಪ್ಪಿದ ಹಕ್ಕೊಂದನ್ನು ಕೈಗೆಟುಕುವಂತೆ ಮಾಡುವ ಸಾಧನವಾಗುತ್ತದೆ.

ನೆರವಿನ ವಿಧಗಳು

1. ಸಲಕರಣೆ ಅನುದಾನ: ದೋಣಿ, ಹುಟ್ಟು, ಎರ್ಗೋಮೀಟರ್, ಹೊಂದಿಸಿದ ಆಸನ ಮತ್ತು ಜೀವರಕ್ಷಕ ಜಾಕೆಟ್. ಒಂದು ಸಲದ ಖರ್ಚಾದ್ದರಿಂದ ದಾನಿಗಳು ಹೆಚ್ಚಾಗಿ ಇದನ್ನೇ ಕೊಡುತ್ತಾರೆ.

2. ಸೌಕರ್ಯ ಅನುದಾನ: ಗಾಲಿಕುರ್ಚಿ ಸಾಗುವ ಇಳಿಜಾರು ದಾರಿ, ತೇಲುವ ಜೆಟ್ಟಿ, ದೋಣಿಮನೆ, ಬಟ್ಟೆ ಬದಲಿಸುವ ಕೋಣೆ ಮತ್ತು ಶೌಚಾಲಯ. ಕಡಲತೀರ ಮತ್ತು ಅಳಿವೆಯಲ್ಲಿ ನಿರ್ಮಾಣಕ್ಕೆ ಕರಾವಳಿ ನಿಯಂತ್ರಣ ವಲಯದ ಅನುಮತಿ ಬೇಕಾಗುತ್ತದೆ.

3. ಸಿಬ್ಬಂದಿ ಅನುದಾನ: ತರಬೇತುದಾರ, ರಕ್ಷಣಾ ದೋಣಿಯ ಚಾಲಕ, ಸಹಾಯಕರು ಮತ್ತು ಫಿಸಿಯೋಥೆರಪಿಸ್ಟ್ ಇವರ ಸಂಬಳ ಮತ್ತು ತರಬೇತಿ.

4. ವ್ಯಕ್ತಿ ಅನುದಾನ: ಪ್ರಯಾಣ, ಆಹಾರ, ಶುಲ್ಕ, ವಿಮೆ ಮತ್ತು ಅಂಗವೈಕಲ್ಯ ವರ್ಗೀಕರಣದ ವೆಚ್ಚ.

5. ಶಾಲಾ ಕಾರ್ಯಕ್ರಮ: ಎರ್ಗೋಮೀಟರ್‌ಗಳನ್ನು ಶಾಲೆಗೇ ಒಯ್ದು ಒಳಾಂಗಣ ರೋಯಿಂಗ್ ಕಲಿಸುವುದು. ಈಜು ಬಾರದವರೂ, ನೀರಿಗೆ ಅಂಜುವವರೂ ಇದರಿಂದ ಆರಂಭಿಸಬಹುದು. ಲಂಡನ್ ಯೂತ್ ರೋಯಿಂಗ್ ಈ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದೆ.

ಮೊದಲ ಎರಡು ಬಂಡವಾಳ ವೆಚ್ಚಗಳು, ಉಳಿದವು ಪ್ರತಿವರ್ಷ ಬೇಕಾದವು. ಬಂಡವಾಳ ಬಂದು ಆವರ್ತಕ ವೆಚ್ಚ ನಿಂತರೆ ದೋಣಿಗಳು ದೋಣಿಮನೆಯಲ್ಲೇ ಉಳಿಯುತ್ತವೆ. ಆದ್ದರಿಂದ ಅನುದಾನದ ಒಪ್ಪಂದದಲ್ಲಿ ನಿರ್ವಹಣೆಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ನಿಗದಿ ಮಾಡಬೇಕಾಗುತ್ತದೆ.

ಹೊಂದಿಸಿದ ದೋಣಿ

ಸ್ಪರ್ಧೆಯ ಸಿಂಗಲ್ ಸ್ಕಲ್ ದೋಣಿ ಸುಮಾರು 8 ಮೀಟರ್ ಉದ್ದ, ಕನಿಷ್ಠ 14 ಕಿಲೋ ತೂಕವಿರುತ್ತದೆ. ತೀರ ಕಿರಿದಾದ್ದರಿಂದ ಹುಟ್ಟುಗಳ ಆಸರೆಯಿಲ್ಲದೆ ನೆಟ್ಟಗೆ ನಿಲ್ಲದು. ಪ್ಯಾರಾ ರೋಯಿಂಗ್‌ಗೆ ಬಳಸುವ ದೋಣಿ ದೋಣಿಗರ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ.

ಪಿಆರ್1 ವರ್ಗದವರು ತೋಳು ಮತ್ತು ಭುಜದ ಬಲದಿಂದಷ್ಟೇ ಹುಟ್ಟು ಎಳೆಯುತ್ತಾರೆ. ಇವರ ದೋಣಿ ಕನಿಷ್ಠ 24 ಕಿಲೋ ತೂಗುತ್ತದೆ, ಆಸನ ಕದಲುವುದಿಲ್ಲ, ಬೆನ್ನಿಗೆ ಒರಗು ಇರುತ್ತದೆ. ದೋಣಿ ಮಗುಚದಂತೆ ಎರಡೂ ಬದಿಗೆ ತೇಲುಬುಡ್ಡೆಗಳನ್ನು ಕಟ್ಟಿರುತ್ತಾರೆ. ಪಿಆರ್2 ವರ್ಗದವರು ಸೊಂಟದ ಮೇಲ್ಭಾಗವನ್ನೂ ಬಳಸಬಲ್ಲರು, ಇವರ ಆಸನವೂ ಸ್ಥಿರ. ಪಿಆರ್3 ವರ್ಗದವರು ಕಾಲಿನ ಬಲವನ್ನೂ ಬಳಸಿ ಜಾರುವ ಆಸನದಲ್ಲಿ ಕೂರುತ್ತಾರೆ. ದೃಷ್ಟಿದೋಷವುಳ್ಳವರು ಈ ವರ್ಗದಲ್ಲಿ ಸ್ಪರ್ಧಿಸುತ್ತಾರೆ. ಇಬ್ಬರು ಪುರುಷರು ಮತ್ತು ಇಬ್ಬರು ಮಹಿಳೆಯರಿರುವ ಪಿಆರ್3 ನಾಲ್ವರ ದೋಣಿಗೆ ದಾರಿ ಹೇಳುವ ಕಾಕ್ಸ್ ಅಂಗವಿಕಲರೇ ಆಗಿರಬೇಕಿಲ್ಲ.

ಪಿಆರ್1 ದೋಣಿಗರ ಎದೆಗೆ ಅಗಲವಾದ ಪಟ್ಟಿ ಬಿಗಿಯುತ್ತಾರೆ. ಆ ಪಟ್ಟಿ ಕೈಯ ಒಂದೇ ಚಲನೆಯಲ್ಲಿ ಥಟ್ಟನೆ ಬಿಚ್ಚಿಕೊಳ್ಳುವಂತಿರಬೇಕು. ದೋಣಿ ಮಗುಚಿದರೆ ಪ್ರಾಣ ಉಳಿಯುವುದು ಇದರಿಂದ. ಗಾಲಿಕುರ್ಚಿಯಿಂದ ದೋಣಿಗೆ ಇಳಿಯುವಾಗ ಕುರ್ಚಿಯನ್ನು ತೇಲುವ ಜೆಟ್ಟಿಯ ಅಂಚಿಗೆ ತಂದು ಚಕ್ರಗಳಿಗೆ ಬ್ರೇಕ್ ಹಾಕುತ್ತಾರೆ. ಕುರ್ಚಿಯಿಂದ ಆಸನಕ್ಕೆ ನುಣುಪಾದ ಹಲಗೆ ಇಡುತ್ತಾರೆ. ಒಬ್ಬರು ದೋಣಿಯನ್ನು ಜೆಟ್ಟಿಗೆ ಒತ್ತಿ ಹಿಡಿದರೆ, ಇನ್ನೊಬ್ಬರು ದೋಣಿಗರ ಬೆನ್ನಿಗೆ ಆಸರೆಯಾಗುತ್ತಾರೆ. ದೋಣಿಗರು ತೋಳಿನ ಬಲದಿಂದ ಹಲಗೆಯ ಮೇಲೆ ಜಾರಿ ಆಸನ ಸೇರುತ್ತಾರೆ. ಉಬ್ಬರ ಇಳಿತದ ನೀರಿನಲ್ಲಿ ಕಲ್ಲಿನ ಸ್ಥಿರ ಜೆಟ್ಟಿಯಿದ್ದರೆ ದೋಣಿ ಮತ್ತು ಜೆಟ್ಟಿಯ ಮಟ್ಟ ಗಂಟೆಗಂಟೆಗೂ ಬದಲಾಗಿ ಈ ಕ್ರಮ ಸಾಧ್ಯವಾಗುವುದಿಲ್ಲ. ನೀರಿನೊಂದಿಗೆ ಏರಿ ಇಳಿಯುವ ಜೆಟ್ಟಿ ಬೇಕಾಗುವುದು ಈ ಕಾರಣಕ್ಕೆ.

ಕಾರವಾರ ಮತ್ತು ಅಂಕೋಲಾ

ನೀರಿನ ನೆಲೆ: ಜೋಯಿಡಾ ತಾಲ್ಲೂಕಿನ ಡಿಗ್ಗಿ ಬಳಿ ಹುಟ್ಟುವ ಕಾಳಿ ನದಿ ಸುಮಾರು 184 ಕಿ.ಮೀ. ಹರಿದು ಕಾರವಾರದಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಸೂಪಾ, ಕೊಡಸಳ್ಳಿ ಮತ್ತು ಕದ್ರಾ ಅಣೆಕಟ್ಟುಗಳನ್ನು ದಾಟಿದ ನದಿ ಕೆಳಹರಿವಿನಲ್ಲಿ ಅಗಲವಾಗುತ್ತದೆ. ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಅಳಿವೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕವಲುಗಳು ಅಲೆಯಿಂದ ರಕ್ಷಣೆಯುಳ್ಳ ನೀರು. ಅಂಕೋಲಾ ತಾಲ್ಲೂಕಿನಲ್ಲಿ ಗಂಗಾವಳಿ ನದಿ ಮಂಜಗುಣಿ ಬಳಿ ಸಮುದ್ರ ಸೇರುತ್ತದೆ. ಮೇಲ್ಭಾಗದಲ್ಲಿ ಇದಕ್ಕೆ ಬೇಡ್ತಿ ಎಂಬ ಹೆಸರಿದೆ. ಬೇಲೆಕೇರಿ, ಕೇಣಿ, ಹಾರವಾಡ ಮತ್ತು ಬೆಳಂಬಾರ ಈ ತಾಲ್ಲೂಕಿನ ಕಡಲಂಚಿನ ಊರುಗಳು.

ಹುಟ್ಟಿನ ಸಂಪ್ರದಾಯ: ಖಾರ್ವಿ, ಹರಿಕಂತ್ರ, ಗಾಬಿತ ಮತ್ತು ಅಂಬಿಗ ಸಮುದಾಯಗಳು ಇಲ್ಲಿ ತಲೆಮಾರುಗಳಿಂದ ದೋಣಿ ನಡೆಸಿವೆ. ಸೇತುವೆಗಳು ಬರುವ ಮೊದಲು ನದಿ ದಾಟಲು ತಾರಿ ದೋಣಿಯೇ ಗತಿಯಾಗಿತ್ತು. ರವೀಂದ್ರನಾಥ ಟ್ಯಾಗೋರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದಾಗ ಕಾಳಿಯಲ್ಲಿ ದೋಣಿಯಾನ ಮಾಡಿದ್ದನ್ನು ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ.

ಸಾಮೂಹಿಕ ಹುಟ್ಟಿನ ದೊಡ್ಡ ರೂಪ ರಂಪಣಿ ಮೀನುಗಾರಿಕೆ. ಬಲೆಯ ಒಂದು ತುದಿಯ ಹಗ್ಗವನ್ನು ದಡದಲ್ಲಿ ಬಿಟ್ಟು, ಬಲೆ ತುಂಬಿದ ದೋಣಿಯನ್ನು ಹುಟ್ಟು ಹಾಕುತ್ತ ಸಮುದ್ರಕ್ಕೆ ಒಯ್ದು, ಅರ್ಧವೃತ್ತದಲ್ಲಿ ಬಲೆ ಬಿಡುತ್ತ ಇನ್ನೊಂದು ತುದಿಯನ್ನು ದಡಕ್ಕೆ ತರುತ್ತಿದ್ದರು. ಬಳಿಕ ಊರಿನ ಹತ್ತಾರು ಜನ ಸೇರಿ ಎರಡೂ ಹಗ್ಗಗಳನ್ನು ಎಳೆಯುತ್ತಿದ್ದರು. ಬಂಗಡೆ, ತಾರ್ಲೆ ಮೀನಿನ ಉತ್ಪತ್ತಿಯನ್ನು ಬಲೆಗೆ, ದೋಣಿಗೆ, ದುಡಿದ ಕೈಗಳಿಗೆ ಎಂದು ಪಾಲು ಹಾಕುತ್ತಿದ್ದರು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಗಳು ಬಂದ ಮೇಲೆ ರಂಪಣಿ ಕುಗ್ಗಿತು. ಯಂತ್ರದೋಣಿಗಳ ಕಾಲದಲ್ಲಿ ಹುಟ್ಟು ಉಳಿದಿರುವುದು ಮುಖ್ಯವಾಗಿ ಸಣ್ಣ ಪಾತಿ ದೋಣಿಗಳಲ್ಲಿ.

ನೌಕಾಪಡೆ: ಅರ್ಗಾದಲ್ಲಿ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು. ಐಎನ್ಎಸ್ ಕದಂಬ ನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. ಯೋಜನೆಗೆ ಭೂಮಿ ಕೊಟ್ಟ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಮೀನುಗಾರ ಮತ್ತು ರೈತ ಕುಟುಂಬಗಳು ಪುನರ್ವಸತಿ ಕಾಲೊನಿಗಳಿಗೆ ಹೋದವು. ಹಡಗಿನ ದೋಣಿಗಳನ್ನು ಹುಟ್ಟು ಹಾಕಿ ನಡೆಸುವ ಬೋಟ್ ಪುಲ್ಲಿಂಗ್ ನೌಕಾಪಡೆಯ ಮತ್ತು ಎನ್‌ಸಿಸಿ ನೌಕಾ ವಿಭಾಗದ ತರಬೇತಿಯ ಭಾಗ.

ದತ್ತಿ ಪರಂಪರೆ: ಚುಟುಕು ಕವಿ, ರೈತ ಹೋರಾಟಗಾರ ದಿನಕರ ದೇಸಾಯಿ (1909–1982) 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ, ಶಾಲೆ ಕಾಣದ ಊರುಗಳಿಗೆ ಪ್ರೌಢಶಾಲೆಗಳನ್ನು ತಂದರು. ಅಂಕೋಲಾದ ಗೋಖಲೆ ಸೆಂಟನರಿ ಕಾಲೇಜು ಈ ಟ್ರಸ್ಟಿನದು. ದೇಣಿಗೆಯ ಹಣವನ್ನು ದೀರ್ಘಕಾಲ ನಡೆಯುವ ಸಂಸ್ಥೆಯಾಗಿ ಕಟ್ಟಿದ ಜಿಲ್ಲೆಯ ಪ್ರಮುಖ ಮಾದರಿ ಇದು.

ಕ್ರೀಡೆಯಲ್ಲಿ ಜಿಲ್ಲೆಯ ಇನ್ನೊಂದು ಪ್ರಯೋಗ ಸರ್ಕಾರದ್ದು. ಭಾರತೀಯ ಕ್ರೀಡಾ ಪ್ರಾಧಿಕಾರ 1987ರಲ್ಲಿ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಸಮುದಾಯದ ಮಕ್ಕಳನ್ನು ಅಥ್ಲೆಟಿಕ್ಸ್‌ಗೆ ಆರಿಸಿ ತರಬೇತಿ ನೀಡಿತು. ಅವರಲ್ಲಿ ರಾಷ್ಟ್ರಮಟ್ಟದ ಓಟಗಾರರು ಹೊಮ್ಮಿದರು. 1990ರ ದಶಕದಲ್ಲಿ ಯೋಜನೆ ನಿಂತು, ಅನೇಕರು ಊರಿಗೆ ಮರಳಿದರು.

ನಿಧಿಯ ಮೂಲಗಳು: ಕಾರವಾರ ತಾಲ್ಲೂಕಿನಲ್ಲಿ ಭಾರತೀಯ ಅಣುವಿದ್ಯುತ್ ನಿಗಮದ ಕೈಗಾ ಸ್ಥಾವರವೂ, ಬಿಣಗಾದಲ್ಲಿ ಗ್ರಾಸಿಂ ಇಂಡಸ್ಟ್ರೀಸ್‌ನ ರಾಸಾಯನಿಕ ಕಾರ್ಖಾನೆಯೂ ಇವೆ. ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಎಂಬ ಕಂಪನಿ ಕಾಯ್ದೆಯ ನಿಯಮ ಇಂಥ ದೊಡ್ಡ ಉದ್ಯಮಗಳಿಗೆ ಅನ್ವಯಿಸುತ್ತದೆ.

ಸುರಕ್ಷತೆ

ಮಳೆಗಾಲದಲ್ಲಿ ಸಮುದ್ರ ಪ್ರಕ್ಷುಬ್ಧವಾಗಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಕದ್ರಾದಿಂದ ನೀರು ಬಿಟ್ಟಾಗ ಕಾಳಿಯ ಸೆಳೆತ ಹೆಚ್ಚುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಮಣ್ಣು ಗಂಗಾವಳಿಗೆ ಬಿತ್ತು. ಅದೇ ವರ್ಷ ಆಗಸ್ಟ್ 7ರಂದು ಕಾಳಿಯ ಹಳೆಯ ಸೇತುವೆ ಕುಸಿಯಿತು. ಹೀಗಾಗಿ ನೀರಿನ ಮೇಲಿನ ತರಬೇತಿಗೆ ಮಳೆ ನಿಂತ ಮೇಲಿನಿಂದ ಬೇಸಿಗೆಯವರೆಗಿನ ತಿಂಗಳುಗಳು ಸೂಕ್ತ. ಉಳಿದ ಅವಧಿಗೆ ಒಳಾಂಗಣ ಯಂತ್ರಗಳು ಬೇಕು.

2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಕಾರವಾರದ ಬಳಿ ಮಗುಚಿ 16 ಮಂದಿ ಮೃತಪಟ್ಟರು. ದೋಣಿಯ ಮಿತಿ ಮೀರದಷ್ಟು ಜನ, ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್, ಜೊತೆಗೊಂದು ರಕ್ಷಣಾ ದೋಣಿ, ನೀರಿಗಿಳಿಯುವ ಮೊದಲು ಈಜು ಮತ್ತು ಮಗುಚಿದಾಗ ಹೊರಬರುವ ಅಭ್ಯಾಸ, ಇವು ಯಾವುದೇ ರೋಯಿಂಗ್ ಅನುದಾನದ ಮೊದಲ ಷರತ್ತುಗಳು.

ಪ್ರಸ್ತುತ ಸ್ಥಿತಿ

2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಪಿಆರ್3 ಮಿಶ್ರ ಡಬಲ್ ಸ್ಕಲ್ಸ್ ಸೇರ್ಪಡೆಯಾಗಿ ರೋಯಿಂಗ್ ಸ್ಪರ್ಧೆಗಳ ಸಂಖ್ಯೆ ಐದಕ್ಕೇರಿತು. ಕರಾವಳಿ ರೋಯಿಂಗ್‌ನ ಬೀಚ್ ಸ್ಪ್ರಿಂಟ್ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿದೆ. ಇದರಲ್ಲಿ ದೋಣಿಗ ಮರಳಿನ ಮೇಲೆ ಓಡಿ ದೋಣಿ ಹತ್ತಿ, ತೇಲುಬುಡ್ಡೆಗಳ ನಡುವೆ ಅಂಕುಡೊಂಕಾಗಿ 250 ಮೀಟರ್ ಸಾಗಿ, ತಿರುಗಿ ನೇರವಾಗಿ ದಡಕ್ಕೆ ಬಂದು ಮತ್ತೆ ಓಡುತ್ತಾನೆ. ಒಬ್ಬರ ಕರಾವಳಿ ದೋಣಿ 6 ಮೀಟರ್ ಉದ್ದ, ಕನಿಷ್ಠ 35 ಕಿಲೋ ತೂಕವಿದ್ದು, ಸ್ಪರ್ಧೆಯ ಸ್ಕಲ್ ದೋಣಿಗಿಂತ ಅಗಲವಾಗಿದೆ. ಒಳನುಗ್ಗಿದ ನೀರು ತಾನಾಗಿ ಹೊರಹೋಗುತ್ತದೆ. ಇದಕ್ಕೆ ಕೆರೆಯಲ್ಲಿ ಗೆರೆ ಎಳೆದ 2,000 ಮೀಟರ್ ಪಥ ಬೇಕಿಲ್ಲ, ಕಡಲದಂಡೆ ಸಾಕು. ಒಳನಾಡಿನ ಕೆರೆಗಳನ್ನೇ ನೆಚ್ಚಿದ್ದ ಕ್ರೀಡೆಗೆ ಮೀನುಗಾರರ ಊರುಗಳು ಇದರಿಂದ ಹತ್ತಿರವಾಗುತ್ತವೆ.

ಸಮುದ್ರತೀರಕ್ಕೆ ಅಂಗವಿಕಲರು ತಲುಪುವ ವ್ಯವಸ್ಥೆಗೆ ಜಿಲ್ಲೆಯಲ್ಲೇ ಒಂದು ಮಾದರಿಯಿದೆ. ಹೊನ್ನಾವರ ತಾಲ್ಲೂಕಿನ ಕಾಸರಕೋಡ ಕಡಲತೀರ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆಯಿತು. ಅಂಗವಿಕಲರಿಗೆ ಪ್ರವೇಶ ಸೌಲಭ್ಯ ಒದಗಿಸುವುದು ಆ ಮಾನ್ಯತೆಯ ಮಾನದಂಡಗಳಲ್ಲೊಂದು.

ನಿಧಿಯ ಫಲವನ್ನು ಅಳೆಯಲು ಕೊಂಡ ದೋಣಿಗಳ ಸಂಖ್ಯೆ ಮತ್ತು ಗೆದ್ದ ಪದಕಗಳ ಸಂಖ್ಯೆ ಸಾಲುವುದಿಲ್ಲ. ಸೇರಿದವರಲ್ಲಿ ಮಹಿಳೆಯರು, ಅಂಗವಿಕಲರು ಮತ್ತು ಮೀನುಗಾರ ಮನೆಗಳ ಮಕ್ಕಳು ಎಷ್ಟು, ಎರಡು ಮೂರು ವರ್ಷಗಳ ಬಳಿಕ ಅವರಲ್ಲಿ ಉಳಿದವರೆಷ್ಟು, ಸ್ಥಳೀಯರಲ್ಲಿ ತರಬೇತುದಾರರಾದವರೆಷ್ಟು ಎಂಬ ಲೆಕ್ಕಗಳೂ ಬೇಕು. ಸಿದ್ದಿ ಕ್ರೀಡಾ ಯೋಜನೆ ಆರಿಸಿದ ಮಕ್ಕಳಲ್ಲಿ ಪ್ರತಿಭೆಗೆ ಕೊರತೆಯಿರಲಿಲ್ಲ, ಯೋಜನೆಯೇ ಮುಂದುವರಿಯಲಿಲ್ಲ. ಅದರಿಂದಾಗಿ ಈ ಲೆಕ್ಕಗಳ ಪೈಕಿ ಉಳಿದವರ ಸಂಖ್ಯೆಗೆ ಉತ್ತರ ಕನ್ನಡದಲ್ಲಿ ವಿಶೇಷ ಮಹತ್ವವಿದೆ.